ಹೆಸರೊತ್ತದ ಚಾಕು

ಜಯನಗರದ ಒಂದು ಕರಕುಶಲ ವಸ್ತುಗಳ ಅಂಗಡಿ. ತೀರಿಕೊಂಡ ನನ್ನ ಯಜಮಾನರು ಕೈಯಾರೆ ಮಾಡಿದ ಚಾಕುವನ್ನು ಮಾರಲೆಂದು ಕನಕಪುರದಿಂದ ತಂದಿದ್ದೆ. ಅಂಗಡಿಯವನು ತಿರುಗಿಸಿ ನೋಡಿದ.

"ಕೆಲಸ ಸಖತ್ತಾಗಿದೆ ಮೇಡಂ. ಆದ್ರೆ ಮಾಡಿದವ್ರ ಹೆಸರಿಲ್ದಿದ್ರೆ ಇದು ಬರೀ ತರಕಾರಿ ಚಾಕು."

ಮಾರುವ ಚಾಕುಗಳಿಗಷ್ಟೇ ಅವರು ಹೆಸರೊತ್ತುತ್ತಿದ್ದರು, ಇದು ನನ್ನ ಅಡುಗೆಮನೆಗೆಂದು ಮಾಡಿದ್ದು, ಈಗ ಅವರಿಲ್ಲ ಎಂದೆ.

ಅವನ ಮುಖ ಅರಳಿತು. "ಹೋಗ್ಬಿಟ್ರಾ? ಹಾಗಾದ್ರೆ ಒಳ್ಳೇ ರೇಟ್ ಬರತ್ತೆ. ಹೆಸರು ಹೇಳಿ, ನಾನೇ ಕೆತ್ತಿಸ್ತೀನಿ."

ಗಂಡನ ಹೆಸರನ್ನು ನಾನು ಎಂದೂ ಬಾಯಲ್ಲಿ ಹೇಳಿದವಳಲ್ಲ. ಅಲ್ಲೂ ಹೇಳಲಿಲ್ಲ. ಚಾಕು ಕಿತ್ತುಕೊಂಡು ಹೊರಬಂದೆ.

ಬನಶಂಕರಿ ಬಸ್ ಸ್ಟಾಪಿನಲ್ಲಿ ಸೌತೆಕಾಯಿ ಕೊಂಡು, ಈ ಚಾಕುವಿನಲ್ಲೇ ಸೀಳಲು ಹೇಳಿದೆ. ಗಾಡಿಯವಳು ಬೆರಗಾದಳು. "ಏನ್ ಹರಿತ ಅಕ್ಕ! ಯಾರು ಮಾಡಿದ್ದು?"

"ವೀರಭದ್ರಾಚಾರಿ," ಎಂದೆ, ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ.