ಟಚಪ್ಪಕ್ಕ ಕಂಡ ಧೂಳು

ಫೋಟೋ ಸ್ಟುಡಿಯೋದಲ್ಲಿ ಇದ್ದಷ್ಟು ಕಾಲ ಆಕೆ ಊರಿನವರ ಮುಖ ತೊಳೆದಳು ಎಂದರೂ ತಪ್ಪಿಲ್ಲ. ಮೊಡವೆ, ಗಾಯದ ಕಲೆ, ಲೆನ್ಸಿನ ಮೇಲೆ ಕೂತ ಧೂಳು, ಮದುಮಗನ ಮೂಗಿನ ತುದಿಯಲ್ಲಿ ಹೊಳೆದ ಬಿಳಿ ಮಚ್ಚೆ, ಯಾವುದೂ ಆಕೆಯ ಸಣ್ಣ ಕುಂಚದೆದುರು ಉಳಿಯುತ್ತಿರಲಿಲ್ಲ. ಚಿತ್ರ ತಿದ್ದುವ ಆ ಕೆಲಸಕ್ಕೆ ಸ್ಟುಡಿಯೋದವರು ಟಚಪ್ ಎನ್ನುತ್ತಿದ್ದರು. ಹಾಗಾಗಿ ಎಲ್ಲರ ಬಾಯಲ್ಲೂ ಆಕೆ ಟಚಪ್ಪಕ್ಕ. ಕುಂಚ ಹೋಗಿ ಕಂಪ್ಯೂಟರ್ ಬಂದಾಗ ಅದನ್ನೂ ಕಲಿತಳು. ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂದಾಗ ಮಾತ್ರ ಸ್ಟುಡಿಯೋ ಬಾಗಿಲು ಹಾಕಿತು.

ಮನೆಯಲ್ಲಿ ಆಕೆ ಮತ್ತು ಅತ್ತಿಗೆ ಇಬ್ಬರೇ. ಅಣ್ಣ ತೀರಿಕೊಂಡ ಮೇಲೆ ಜಗಳ ಆಡಿಕೊಂಡೇ ಒಬ್ಬರಿಗೊಬ್ಬರು ಆಸರೆಯಾಗಿದ್ದರು. ಗುಡ್ಡದ ಮೇಲಿನ ದೊಡ್ಡ ದೂರದರ್ಶಕದವರ ಕಚೇರಿಯೊಂದು ಊರೊಳಗಿತ್ತು. ಅಲ್ಲಿ ಚಿತ್ರ ಶುದ್ಧಮಾಡುವವರು ಬೇಕಂತೆ ಎಂಬ ಸುದ್ದಿ ತಂದವಳು ಅತ್ತಿಗೆಯೇ.

ಕೆಲಸ ಕೇಳಲು ಹೋದ ದಿನ ಕಚೇರಿಯ ಮುಖ್ಯಸ್ಥೆಯಾಗಿದ್ದ ವಿಜ್ಞಾನಿ ಮೇಡಂ ಒಂದೇ ಪ್ರಶ್ನೆ ಹಾಕಿದರು.

"ಫೋಟೋದಲ್ಲಿ ಒಂದು ಚುಕ್ಕಿ ಇದೆ ಅಂದ್ಕೊಳ್ಳಿ. ಏನು ಮಾಡ್ತೀರಿ?"

"ಅಳಿಸ್ತೀನಿ."

ಮೇಡಂ ನಕ್ಕರು. "ಇಲ್ಲಿ ಆ ಚುಕ್ಕಿ ಬಿಟ್ಟು ಮಿಕ್ಕಿದ್ದೆಲ್ಲ ಅಳಿಸ್ಬೇಕು ಕಣ್ರೀ. ಅದು ಗ್ರಹ ಆಗಿರಬಹುದು."

ಟಚಪ್ಪಕ್ಕನಿಗೆ ಕೆಲಸದ ಆಸೆಗಿಂತ ಆ ಮಾತಿನ ಕುತೂಹಲವೇ ಹೆಚ್ಚಾಯಿತು. ಬೇರೆ ನಕ್ಷತ್ರದ ಸುತ್ತ ತಿರುಗುವ ಗ್ರಹ ಫೋಟೋಗೆ ಸಿಗುತ್ತದೆಯೇ? ಸಿಗುತ್ತದೆ, ಆದರೆ ಸುಲಭವಲ್ಲ ಎಂದರು ಮೇಡಂ. ನಕ್ಷತ್ರದ ಪಕ್ಕದಲ್ಲಿ ಗ್ರಹವೆಂದರೆ ಕಾರಿನ ದೀಪದ ಪಕ್ಕ ಮಿಂಚುಹುಳು ಕೂತಂತೆ. ಅದಕ್ಕೇ ದೂರದರ್ಶಕದೊಳಗೆ ಒಂದು ಪುಟ್ಟ ಬಿಲ್ಲೆ ಅಡ್ಡವಿಟ್ಟು ನಕ್ಷತ್ರವನ್ನು ಮರೆಮಾಡುತ್ತಾರೆ. ಹುಡುಕುವುದೂ ಎಳೆಯ ನಕ್ಷತ್ರಗಳ ಸುತ್ತಲೇ. ಅಲ್ಲಿಯ ಗ್ರಹಗಳು ಒಲೆಯಿಂದ ಆಗತಾನೆ ಇಳಿಸಿದ ಪಾತ್ರೆಯಂತೆ ಇನ್ನೂ ಬಿಸಿಯಾಗಿರುತ್ತವೆ. ಆ ಶಾಖವನ್ನೇ ಕ್ಯಾಮೆರಾ ಹಿಡಿಯುತ್ತದೆ.

ಆದರೂ ಬಿಲ್ಲೆಯ ಅಂಚಿನಿಂದ ಬೆಳಕು ಸೋರುತ್ತದೆ. ಅದನ್ನು ಕಳೆಯುವುದೇ ಟಚಪ್ಪಕ್ಕನ ಕೆಲಸ. ಒಂದೇ ನಕ್ಷತ್ರದ ಚಿತ್ರಗಳನ್ನು ಸಾಲಾಗಿ ತೆಗೆದಿರುತ್ತಾರೆ. ಹೊತ್ತು ಹೋದಂತೆ ಚಿತ್ರದಲ್ಲಿ ಆಕಾಶ ನಿಧಾನವಾಗಿ ತಿರುಗುತ್ತದೆ. ದೂರದರ್ಶಕದ ಕನ್ನಡಿಯ ಐಬಿನಿಂದಾದ ಬೆಳಕಿನ ಕಲೆಗಳು ಮಾತ್ರ ಇದ್ದಲ್ಲೇ ಇರುತ್ತವೆ. ಎಲ್ಲ ಚಿತ್ರಗಳಲ್ಲೂ ಅಲ್ಲಾಡದೆ ನಿಂತದ್ದನ್ನು ಕಳೆದರೆ, ತಿರುಗಿದ್ದು ಉಳಿಯಬೇಕು. ಆಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಲಿತಳು. ಮೊದಮೊದಲು ಹಳೆಯ ಅಭ್ಯಾಸಬಲದಿಂದ ಒಳ್ಳೆಯ ಚುಕ್ಕಿಗಳನ್ನೂ ಅಳಿಸಿ ಬೈಸಿಕೊಂಡದ್ದುಂಟು.

ಕೆಲವು ವರ್ಷಗಳ ಮೇಲೆ ಒಂದು ಎಳೆಯ ನಕ್ಷತ್ರದ ಬಲಗಡೆ ಸಾಸಿವೆಯಷ್ಟು ಬೆಳಕು ಕಂಡಿತು. ಹೇಗೆ ಕಳೆದರೂ ಹೋಗಲಿಲ್ಲ. ಮೇಡಂ ಕೂಡ ಕುರ್ಚಿ ಎಳೆದುಕೊಂಡು ಕೂತರು.

"ಗ್ರಹಾನಾ ಮೇಡಂ?"

"ಈಗಲೇ ಹೇಳೋಕಾಗಲ್ಲ. ನಕ್ಷತ್ರ ಆಕಾಶದಲ್ಲಿ ಒಂಚೂರು ಒಂಚೂರೇ ಸರಿಯುತ್ತೆ. ಮುಂದಿನ ವರ್ಷ ನೋಡೋಣ. ಇದು ಅದರ ಮಗುವೇ ಆಗಿದ್ರೆ ಜೊತೆಗೇ ಹೋಗಿರುತ್ತೆ."

ಟಚಪ್ಪಕ್ಕನಿಗೆ ತಡೆಯಲಾಗಲಿಲ್ಲ. ಸಂಜೆ ಅತ್ತಿಗೆಯ ಕಿವಿಗೆ ಹಾಕಿದಳು. ಅತ್ತಿಗೆಯ ಕಿವಿಗೆ ಬಿದ್ದದ್ದು ಬೀದಿಗೆ ಬಿದ್ದಂತೆ. ಬೆಳಗಾಗುವಷ್ಟರಲ್ಲಿ ಬ್ರೆಡ್ಡಿನ ಅಂಗಡಿಯವನು, "ಏನಕ್ಕಾ, ಗ್ರಹ ಕಂಡುಹಿಡಿದ್ರಂತೆ?" ಎಂದ. ಆಕೆ ಇಲ್ಲವೆನ್ನಲಿಲ್ಲ, ಸುಮ್ಮನೆ ನಕ್ಕಳು. ವರ್ಷವಿಡೀ ಆ ಚುಕ್ಕಿಯ ಮೇಲೆ ಮೋಡ ಇದೆಯೋ, ಅಲ್ಲಿ ಗಾಳಿ ಬೀಸುತ್ತದೋ ಎಂದು ಯೋಚಿಸುತ್ತ ಬಸ್ಸಿನಲ್ಲಿ ತನ್ನ ನಿಲ್ದಾಣವನ್ನೂ ದಾಟಿ ಹೋಗುತ್ತಿದ್ದಳು.

ಮರುವರ್ಷದ ಚಿತ್ರ ಬಂತು. ನಕ್ಷತ್ರ ಸರಿದಿತ್ತು. ಚುಕ್ಕಿ ನಿಂತಲ್ಲೇ ನಿಂತಿತ್ತು. ಅದು ಈ ನಕ್ಷತ್ರಕ್ಕಿಂತ ಎಷ್ಟೋ ಹಿಂದೆ, ಬಹುದೂರದಲ್ಲಿದ್ದ ಇನ್ನಾವುದೋ ನಕ್ಷತ್ರ. ಒಂದೇ ಸಾಲಿಗೆ ಬಂದು ಪಕ್ಕದಲ್ಲಿದ್ದಂತೆ ಕಂಡಿತ್ತು, ಅಷ್ಟೆ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು," ಎಂದಳು ಅತ್ತಿಗೆ.

"ಊರಿಗೆಲ್ಲ ಕುಲಾವಿ ತೋರಿಸಿದ್ದು ನೀವೇ ಅಲ್ವಾ?" ಎಂದು ಟಚಪ್ಪಕ್ಕ ಸಿಡುಕಿದಳು.

ಬೇಸರವಾದರೂ ಆ ನಕ್ಷತ್ರವನ್ನು ಬಿಡಲು ಆಕೆಗೆ ಮನಸ್ಸಾಗಲಿಲ್ಲ. ಬಿಡುವಾದಾಗಲೆಲ್ಲ ಎರಡು ವರ್ಷದ ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ನೋಡುವಳು. ಎರಡರಲ್ಲೂ ಬಿಲ್ಲೆಯ ಆಚೀಚೆ ನಸುಗಪ್ಪಾದ ಎರಡು ಗೀರುಗಳಿದ್ದವು, ಸೀಸದ ಕಡ್ಡಿಯಿಂದ ಉಜ್ಜಿದಂತೆ. ಸ್ಟುಡಿಯೋದಲ್ಲಿ ಕಲೆಯನ್ನು ಅತಿಯಾಗಿ ತಿದ್ದಿದರೆ ಆ ಜಾಗ ಹೀಗೇ ಕಪ್ಪಾಗುತ್ತಿತ್ತು. ಇಲ್ಲಿ ತಾನು ಅತಿಯಾಗಿ ತಿದ್ದಿದ್ದು ಏನನ್ನು? ತಿಳಿಯದೆ ಮೇಡಂ ಹತ್ತಿರ ಹೋದಳು.

ಮೇಡಂ ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು. "ನಕ್ಷತ್ರದ ಸುತ್ತ, ಅದರ ಬೆಳಕಿಗೆ ಹೊಳೆಯೋ ಧೂಳಿನ ತಟ್ಟೆ ಇರಬಹುದು. ನಾವು ಹುಡುಕಿದ್ದು ಚುಕ್ಕೀನ. ಚುಕ್ಕಿ ತಿರುಗಿದ್ರೆ ಗೊತ್ತಾಗುತ್ತೆ. ಅಗಲವಾಗಿ ಹರಡಿರೋದು ತಿರುಗಿದ್ರೂ ತನ್ನ ಮೇಲೇ ತಾನು ಬೀಳುತ್ತೆ. ಕಂಪ್ಯೂಟರ್ ಅದನ್ನ ಕನ್ನಡಿ ಐಬು ಅಂದ್ಕೊಂಡು ಕಳೆದುಬಿಡುತ್ತೆ."

"ನೆಗಡಿ ಬಂತು ಅಂತ ಮೂಗು ಕೊಯ್ದ ಹಾಗೆ."

"ಹಾಗೇ. ಕೊಯ್ಯಿರಿ ಅಂದವಳು ನಾನು, ಕತ್ತರಿ ನಿಮ್ಮ ಕೈಲಿತ್ತು."

ದಾರಿ ತೋರಿಸಿದವರೂ ಮೇಡಂ. ಅದೇ ತರಹದ, ಆದರೆ ಸುತ್ತ ಧೂಳೇ ಇಲ್ಲದ ಒಂಟಿ ನಕ್ಷತ್ರವೊಂದನ್ನು ಹುಡುಕಿ, ಅದರ ಬೆಳಕಿನ ಅಚ್ಚನ್ನು ಇದರಿಂದ ಕಳೆಯಬೇಕು. ಸರಿಯಾದ ಜೋಡಿ ಸುಲಭವಾಗಿ ಸಿಗಲಿಲ್ಲ. ಒಂದು ತೀರಾ ಪ್ರಖರ, ಒಂದು ಮಂಕು. ಮದುವೆಗೆ ಜಾತಕ ನೋಡಿದಂತಾಯಿತು ಎಂದು ಇಬ್ಬರೂ ನಕ್ಕರು. ಕೊನೆಗೆ ಒಂದು ಹೊಂದಿತು. ಒಂದು ಮಧ್ಯಾಹ್ನ ಪರದೆಯ ಮೇಲೆ, ಬಿಲ್ಲೆಯ ಕತ್ತಲೆಯಾಚೆ, ಓರೆಯಾಗಿ ಹಿಡಿದ ಬಳೆಯಂಥ ಮಸುಕು ಬೆಳಕು ಮೂಡಿತು. ನಕ್ಷತ್ರಕ್ಕೂ ಬಳೆಗೂ ನಡುವೆ ಬರಿದಾದ ಜಾಗವಿತ್ತು.

ಟಚಪ್ಪಕ್ಕ ಮೆಲ್ಲಗೆ, "ಆ ಜಾಗ ಗುಡಿಸಿದ್ದು ಯಾರು ಮೇಡಂ?" ಎಂದಳು.

"ಯಾವುದೋ ಗ್ರಹ ಇರಬಹುದು. ನಮ್ಮ ಕಣ್ಣಿಗೆ ಬೀಳದಷ್ಟು ಸಣ್ಣದು. ಇಲ್ಲದೇನೂ ಇರಬಹುದು."

ಈ ಸಲ ಆಕೆ ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಬೇರೆ ದೂರದರ್ಶಕದವರೂ ನೋಡಿ ಹೌದೆಂದ ಮೇಲೆಯೇ ಅತ್ತಿಗೆಯನ್ನು ಕಚೇರಿಗೆ ಕರೆತಂದಳು. ಅತ್ತಿಗೆ ಪರದೆಯನ್ನು ಹತ್ತಿರದಿಂದ ನೋಡಿದಳು, ಹಿಂದೆ ಸರಿದು ನೋಡಿದಳು.

"ಇಷ್ಟು ಧೂಳು ಇಟ್ಕೊಂಡು ಅದೇನು ಮಾಡುತ್ತೆ?"

"ಒಟ್ಟುಗೂಡಿ ಉಂಡೆ ಕಟ್ಟಿ ಗ್ರಹ ಆಗುತ್ತಂತೆ. ನಮ್ಮ ಭೂಮಿ ಆಗಿದ್ದೂ ಹಾಗೇ ಅಂತೆ."

"ಎಷ್ಟು ದಿನ ಬೇಕು?"

"ಕೋಟಿಗಟ್ಟಲೆ ವರ್ಷ."

ಅತ್ತಿಗೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಆ ಬರಿದಾದ ಜಾಗದತ್ತ ಬೆರಳು ಮಾಡಿ, "ಇಲ್ಲಿ ಸ್ವಲ್ಪ ದೊಡ್ಡದು ಮಾಡಿ ತೋರಿಸು ನೋಡೋಣ," ಎಂದಳು.