ಬರ್ತೇನೆ ಎನ್ನದೆ ಹೊರಟ ಮನೆ

ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಸಾಯುವವರಿಗೆ ಮೊದಲೇ ಎಲ್ಲ ಗೊತ್ತಾಗುತ್ತದೆ ಎಂದು ಯಾರಾದರೂ ಶುರು ಮಾಡಿದರೆ, ಅದು ನೋವಿನ ಮಾತ್ರೆಯ ಮಂಪರು ಎಂದು ಬಾಯಿ ಮುಚ್ಚಿಸುತ್ತಿದ್ದೆ. ಇನ್ನು ಗುಣವಾಗುವುದಿಲ್ಲ ಎಂದು ದೊಡ್ಡಾಸ್ಪತ್ರೆಯವರು ಮನೆಗೆ ಕಳಿಸಿದವರನ್ನು ಕೊನೆಯವರೆಗೆ ನೋಡಿಕೊಳ್ಳುವ ನರ್ಸು ನಾನು. ಶಿರಸಿಯಿಂದ ಜೀಪು ಹತ್ತಿದರೆ ಒಂದು ದಿನ ಸಿದ್ದಾಪುರದ ಕಡೆ, ಇನ್ನೊಂದು ದಿನ ಯಲ್ಲಾಪುರದ ಕಡೆ. ಹುಣ್ಣು ತೊಳೆದು, ಪಟ್ಟಿ ಕಟ್ಟಿ, ಮನೆಯವರಿಗೆ ಒಂದಿಷ್ಟು ಧೈರ್ಯ ಹೇಳಿ ಬರುವುದು. ಇಷ್ಟು ಸಾವು ನೋಡಿದವಳಿಗೆ ಭೂತದ ಕತೆ ಹೇಳಿದರೆ ನಗು ಬಾರದೆ ಇನ್ನೇನು?

ಹೊರಡುವಾಗಿನ ಮಾತಿನಲ್ಲಿ ಮಾತ್ರ ನಾನು ಬಲು ಹುಷಾರು. ನಮ್ಮ ಕಡೆ ಯಾರ ಮನೆಯಿಂದ ಎದ್ದರೂ ‘ಬರ್ತೇನೆ’ ಎನ್ನಬೇಕು, ‘ಹೋಗ್ತೇನೆ’ ಎನ್ನಬಾರದು. ಸಾವಾದ ಮನೆಯಲ್ಲಿ ಅದೇ ‘ಬರ್ತೇನೆ’ ಬಾಯಿಂದ ಬೀಳಕೂಡದು. ಇಂಥದ್ದಕ್ಕೆ ಮತ್ತೆ ಬರುವಂತಾಗದಿರಲಿ ಎಂದು ಸುಮ್ಮನೆ ಎದ್ದು ಬರುತ್ತಾರೆ. ನನಗೆ ಇದರಲ್ಲಿ ನಂಬಿಕೆಯೇನೂ ಇರಲಿಲ್ಲ. ಜನರ ಮನಸ್ಸು ನೋಯಬಾರದು ಅಷ್ಟೆ. ನನ್ನ ರೋಗಿಗಳಂತೂ ಆ ‘ಬರ್ತೇನೆ’ಗಾಗಿ ಕಾಯುತ್ತಾರೆ.

ದ್ಯಾಮವ್ವನ ಮನೆ ದಾಸನಕೊಪ್ಪದಿಂದ ಸ್ವಲ್ಪ ಒಳಗೆ. ಹೆಚ್ಚುಕಡಿಮೆ ನನ್ನದೇ ವಯಸ್ಸು, ಹೊಟ್ಟೆಯ ಕ್ಯಾನ್ಸರ್. ಗಂಡ ಹನುಮಂತಪ್ಪ ಗಟ್ಟಿ ಆಳು. ದಿನಾ ಬೆಳಿಗ್ಗೆ ಅವಳನ್ನು ಎತ್ತಿಕೊಂಡು ಹೋಗಿ ಕಟ್ಟೆಯ ಬಿಸಿಲಿಗೆ ಕೂರಿಸುತ್ತಿದ್ದ. ಮದುವೆಯಲ್ಲಿ ಎತ್ತಲು ಆಗದಿದ್ದವಳನ್ನು ಈಗ ಎತ್ತುತ್ತಿದ್ದೇನೆ ಎಂದು ತಮಾಷೆ ಮಾಡುತ್ತಿದ್ದ. ಅವಳೂ ನಗುತ್ತಿದ್ದಳು.

ಆ ದಿನ ಅವಳು ಎಂದಿಗಿಂತ ಗೆಲುವಾಗಿದ್ದಳು. ಅರ್ಧ ಬಟ್ಟಲು ಗಂಜಿ ಕುಡಿದಿದ್ದಳು. ಹನುಮಂತಪ್ಪ ಸೌತೆಕಾಯಿ ಹೆಚ್ಚಿ ಉಪ್ಪುಖಾರ ಹಚ್ಚಿ ಕೊಟ್ಟ, ತಿಂದೆ. ಚೀಲ ಹೆಗಲಿಗೆ ಹಾಕಿಕೊಂಡು ‘ಬರ್ತೇನೆ ದ್ಯಾಮವ್ವಾ’ ಎಂದೆ. ಅವಳು ನನ್ನ ಕೈ ಹಿಡಿದಳು.

“ಬರ್ತೀನಿ ಅನಬ್ಯಾಡ್ರಿ ಅಕ್ಕಾರ. ಏನೂ ಅನ್ನದ ಹೋಗ್ರಿ. ಸಾವಾದ ಮನಿ ಇದು.”

ಕಣ್ಣು ತಿಳಿಯಾಗಿತ್ತು, ಮಂಪರು ಇರಲಿಲ್ಲ. ಜೊತೆಗಿದ್ದ ನಾದಿನಿ ಅವಳನ್ನು ಗದರಿದಳು. ನಾನು ಹನುಮಂತಪ್ಪನನ್ನು ಹೊರಗೆ ಕರೆದು, ಕಾಲ ಹತ್ತಿರವಾದವರು ಹೀಗೆ ಮಾತಾಡುವುದುಂಟು, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದೆ. ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ಜೀಪಿನವರೆಗೂ ಬಂದು ಬೀಳ್ಕೊಟ್ಟ.

ಮರುದಿನ ನಾದಿನಿಯ ಫೋನು. ಸಾವಾಗಿದೆ ಎಂದಷ್ಟೇ ಹೇಳಿ ಅಳತೊಡಗಿದಳು. ಯಾರು ಎಂದು ಕೇಳುವ ಪ್ರಶ್ನೆಯೇ ಇರಲಿಲ್ಲವಲ್ಲ. ಹೋದೆ. ಅಂಗಳದಲ್ಲಿ ಮಲಗಿಸಿದ್ದರು, ಜನ ಸುತ್ತುವರಿದಿದ್ದರು. ಅವರ ನಡುವಿನಿಂದ ನನಗೆ ಮೊದಲು ಕಂಡದ್ದು ಪಾದಗಳು. ಅವು ಗಂಡಸಿನ ಪಾದಗಳು.

ಬೆಳಿಗ್ಗೆ ಮೋಟರು ಚಾಲೂ ಮಾಡಲು ಗದ್ದೆಗೆ ಹೋದ ಹನುಮಂತಪ್ಪ ಅಲ್ಲೇ ಕುಸಿದಿದ್ದ. ಎದೆಬಡಿತ ನಿಂತುಹೋಗಿತ್ತು. ಒಳಗೆ ದ್ಯಾಮವ್ವ ಗೋಡೆಗೆ ಒರಗಿ ಕೂತಿದ್ದಳು. ಅಳುತ್ತಿರಲಿಲ್ಲ. ನನ್ನನ್ನು ನೋಡಿದಳು. ಎದ್ದು ಬರುವಾಗ ನಾನು ‘ಬರ್ತೇನೆ’ ಎನ್ನಲಿಲ್ಲ.

ನಮ್ಮ ಡಾಕ್ಟರು ಕಾಕತಾಳೀಯ ಎಂದರು. ಗಂಡನ ಮುಖ ಬಾಡಿದ್ದನ್ನು ಹೆಂಡತಿ ಗಮನಿಸಿರಬಹುದು ಎಂದರು. ಇರಬಹುದು. ಆದರೆ ಅವನ ಎದುರಿಗೇ ನಿಂತಿದ್ದ ನನಗೆ ಏನೂ ಕಾಣಲಿಲ್ಲ.

ದ್ಯಾಮವ್ವ ಆಮೇಲೂ ಕೆಲವು ತಿಂಗಳು ಬದುಕಿದಳು. ನಾನು ಹೋಗುತ್ತಿದ್ದೆ, ಭಯಪಡುತ್ತಲೇ ಹೋಗುತ್ತಿದ್ದೆ. ಕೊನೆಯ ಸಲ ಪಟ್ಟಿ ಬದಲಾಯಿಸುವಾಗ, ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂದು ಕೇಳಿದಳು. ಗಂಡ, ಅತ್ತೆ, ಮಗಳು ಎಂದೆ. ಒಬ್ಬೊಬ್ಬರ ಹೆಸರನ್ನೂ ಕೇಳಿದಳು. ಹೇಳಬಾರದು ಅನ್ನಿಸಿತು, ಆದರೂ ಹೇಳಿದೆ.

“ಮನಿಗೆ ಜಲ್ದಿ ಹೋಗ್ರಿ ಅಕ್ಕಾರ.”

ಏಕೆ ಎಂದು ಕೇಳಿದೆ. ಎರಡು ಸಲ ಕೇಳಿದೆ. ಅವಳು ಗೋಡೆಯ ಕಡೆ ಹೊರಳಿದಳು. ಅದೇ ಸಂಜೆ ತೀರಿಕೊಂಡಳೆಂದು ನನಗೆ ಆಮೇಲೆ ತಿಳಿಯಿತು.

ಅವಳ ಮನೆಯಿಂದ ಹೊರಟವಳು ಬನವಾಸಿ ರಸ್ತೆಯುದ್ದಕ್ಕೂ ಮನೆಗೆ ಫೋನು ಮಾಡಿದೆ, ಸಿಗ್ನಲ್ ಸಿಗದೆ ಒಮ್ಮೆಯೂ ತಾಗಲಿಲ್ಲ. ಬಾಗಿಲು ನೂಕಿ ಒಳಗೆ ಹೋದರೆ ಮಿಕ್ಸಿಯ ಸದ್ದು. ಗಂಡ ತಂಬುಳಿಗೆ ಬೀಸುತ್ತಿದ್ದರು. ಅತ್ತೆ ಬತ್ತಿ ಹೊಸೆಯುತ್ತಿದ್ದರು. ಮಗಳು ಕಾಲು ಚಾಚಿ ಮೊಬೈಲು ನೋಡುತ್ತಿದ್ದಳು, ನನ್ನನ್ನು ಕಂಡು ತಲೆ ಕೂಡ ಎತ್ತಲಿಲ್ಲ. ನನಗೆ ಅಲ್ಲೇ ಅಳು ಬಂತು. “ಎಂತ ಆತೆ ನಿಂಗೆ?” ಎಂದರು ಇವರು. ಏನೂ ಇಲ್ಲ ಎಂದೆ.

ಆ ದಿನ ಏನೂ ಆಗಲಿಲ್ಲ. ಇಂದಿನವರೆಗೂ ಆಗಿಲ್ಲ. ದ್ಯಾಮವ್ವ ಹೇಳಿದ್ದು ಎಚ್ಚರಿಕೆಯೋ, ಗಂಡನನ್ನು ಕಳೆದುಕೊಂಡವಳ ಹಾರೈಕೆಯೋ, ನನಗೆ ಗೊತ್ತಿಲ್ಲ; ಕೇಳೋಣವೆಂದರೆ ಅವಳಿಲ್ಲ. ಇವರ ಗೊರಕೆ, ಅತ್ತೆಯ ಗೊಣಗಾಟ, ಮಗಳ ಸಿಡುಕು ಎಲ್ಲವೂ ಈಗ ನನಗೆ ಬೇಕು. ರಾತ್ರಿ ಊಟಕ್ಕೆ ನಾಲ್ವರೂ ಒಟ್ಟಿಗೆ ಕೂರುತ್ತೇವೆ. ಸಾಕು ಸಾಕು ಎಂದರೂ ನಾನು ಇನ್ನೊಂದು ಸಲ ಅನ್ನ ಬಡಿಸುತ್ತೇನೆ. ನಮ್ಮಲ್ಲಿ ಮೊದಲು ಎದ್ದು ಹೋಗುವವರು ಯಾರು ಎಂಬುದು ನನಗೆ ತಿಳಿಯುವುದು ಬೇಡ.