ಸೀದ ಬೇಳೆಯ ಒಡತಿ

ಐವತ್ತನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಒಲೆ ಹೊತ್ತಿಸಿದ ಟೈಪಿಸ್ಟ್ ಅಕ್ಕನನ್ನು ಕಂಡರೆ ಬೆಂಕಿಯೇ ಹೆದರಬೇಕು. ತಾಯಿ ಇರುವ ತನಕ "ದುಡಿದು ಬಂದಿದ್ದೀಯ, ಕೂತ್ಕೋ" ಎನ್ನುತ್ತ ಅವಳನ್ನು ಅಡುಗೆಮನೆಯ ಹೊಸಿಲು ದಾಟಲು ಬಿಟ್ಟವಳಲ್ಲ. ಆಕೆ ತೀರಿಕೊಂಡ ಮೇಲೆ ಅಕ್ಕ ಕಚೇರಿಯಿಂದ ಬಂದವಳೇ ತೋಳೇರಿಸಿ ಬಾಣಲೆಯೊಂದಿಗೆ ಜಗಳಕ್ಕೆ ನಿಲ್ಲುತ್ತಾಳೆ. ಸಾಸಿವೆ ಸಿಡಿದರೆ "ನಿನಗಿಂತ ಜೋರಾಗಿ ಸಿಡಿಯೋ ಸಾಹೇಬರನ್ನ ನೋಡಿದ್ದೀನಿ" ಎಂದು ಅದಕ್ಕೇ ಗದರುತ್ತಾಳೆ. ಅನ್ನ ಒಂದು ದಿನ ಗಂಜಿಯಾದರೆ ಮರುದಿನ ಕಲ್ಲು. ಬೇಳೆ ತಳ ಹಿಡಿದ ವಾಸನೆಗೆ ಕೆಳಗಿನ ಮನೆಯವರು ಗಾಬರಿಯಿಂದ ಮೆಟ್ಟಿಲು ಹತ್ತಿ ಬಂದರೆ, ಹೊಗೆಯ ನಡುವಿನಿಂದಲೇ "ಬನ್ನಿ ಬನ್ನಿ, ಊಟಕ್ಕೆ ಸರಿಯಾಗಿ ಬಂದ್ರಿ" ಎಂದು ಕರೆಯುತ್ತಾಳೆ. ಅವರು ಹತ್ತಿದ್ದಕ್ಕಿಂತ ಬೇಗ ಇಳಿಯುತ್ತಾರೆ. ಇದೆಲ್ಲ ಕಿವಿಗೆ ಬಿದ್ದು ತಮ್ಮ ಒಂದು ಭಾನುವಾರ ಬಂದ. ಸೀದ ಬೇಳೆ ಕಲಸಿದ ಒಂದು ತುತ್ತನ್ನು ಕಷ್ಟಪಟ್ಟು ನುಂಗಿ, "ಸಾಕಕ್ಕ ಈ ಹಟ. ನಮ್ಮನೆಗೆ ಬಂದ್ಬಿಡು, ನನ್ನ ಹೆಂಡ್ತಿ ಮಾಡಿ ಹಾಕ್ತಾಳೆ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ಅವಳಿಗೆ, ತಾನು ಚಿಕ್ಕವಳಿದ್ದಾಗ ಮನೆಯಲ್ಲಿ ಆಶ್ರಯ ಪಡೆದಿದ್ದ ಸೋದರತ್ತೆ ನೆನಪಾದಳು. ಆಕೆಗೆ ಯಾರೂ ಒಂದು ಮಾತು ಅಂದವರಲ್ಲ. ಆದರೂ ಸಾಯುವ ತನಕ ಆಕೆ ತನಗೆ ಬಡಿಸಿದಷ್ಟನ್ನೇ ತಿಂದು, ಒಮ್ಮೆಯೂ ‘ಇನ್ನೊಂದು ಸೌಟು’ ಎಂದು ಕೇಳದೆ ಏಳುತ್ತಿದ್ದಳು. ಅಕ್ಕ ಪಾತ್ರೆಯನ್ನು ಹತ್ತಿರ ಎಳೆದುಕೊಂಡು, ತಳದವರೆಗೂ ಸೌಟು ಇಳಿಸಿ, ಕಪ್ಪಾದ ಬೇಳೆಯನ್ನು ತನ್ನ ತಟ್ಟೆಗೆ ಎರಡನೆಯ ಸಲ ಧಾರಾಳವಾಗಿ ಸುರಿದುಕೊಂಡಳು. "ನಿನಗೂ ಹಾಕ್ಲೇನೋ?" ಎಂದಳು.